ಕ್ರೇಫಿಶ್ ಇರುವ ತೊಟ್ಟಿಯಲ್ಲಿ ಇನ್ಯಾರು ಬಾಳಬಹುದು?

ಕ್ರೇಫಿಶ್ ಜೊತೆ ಯಾವ ಮೀನು ಬಿಡಬಹುದು ಅಂತ ಕೇಳಿ ನೋಡಿ. ಒಬ್ಬರು "ನಮ್ಮ ತೊಟ್ಟಿಯಲ್ಲಿ ಗಪ್ಪಿಗಳ ಜೊತೆ ಆರಾಮಾಗಿದೆ, ಏನೂ ಆಗಲ್ಲ" ಎನ್ನುತ್ತಾರೆ. ಇನ್ನೊಬ್ಬರು "ವಾರದಲ್ಲಿ ಎಲ್ಲ ಮೀನೂ ಖಾಲಿ" ಎನ್ನುತ್ತಾರೆ. ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ. ಬಹಳ ಸಲ ಅವರು ಮಾತಾಡುತ್ತಿರುವುದು ಒಂದೇ ಪ್ರಾಣಿಯ ಬಗ್ಗೆ ಅಲ್ಲ, ಅಷ್ಟೇ.

ಸಿಹಿನೀರಿನಲ್ಲಿ ಬದುಕುವ, ಮುಂದೆ ಎರಡು ಇಕ್ಕಳದ ಕೈ ಇರುವ, ಸೀಗಡಿ ಮತ್ತು ಏಡಿಗಳ ಬಳಗದ, ಪುಟ್ಟ ಲಾಬ್‌ಸ್ಟರ್‌ನಂತೆ ಕಾಣುವ ಪ್ರಾಣಿಗಳಿಗೆಲ್ಲ ಕ್ರೇಫಿಶ್ ಅಂತಲೇ ಹೆಸರು. ಜಗತ್ತಿನಲ್ಲಿ ಇವುಗಳ 600ಕ್ಕೂ ಹೆಚ್ಚು ಜಾತಿಗಳಿವೆ. ಮನೆಯ ತೊಟ್ಟಿಗೆ ಬರುವುದು ಬೆರಳೆಣಿಕೆಯಷ್ಟು. ಆ ಕೆಲವೇ ಜಾತಿಗಳ ನಡುವೆಯೂ ಗಾತ್ರದಲ್ಲಿ ಅಜಗಜಾಂತರ. ಮೆಕ್ಸಿಕೋದ ಕಿತ್ತಳೆ ಬಣ್ಣದ ಕುಬ್ಜ ಕ್ರೇಫಿಶ್, ಸಾಕುವವರ ಬಾಯಲ್ಲಿ ಸಿಪಿಒ, ಪೂರ್ತಿ ಬೆಳೆದರೂ 4 ಸೆಂಟಿಮೀಟರ್ ಆಸುಪಾಸು. ಅಮೆರಿಕದ ಕೆಂಪು ಕ್ರೇಫಿಶ್ ಪ್ರೊಕಾಂಬರಸ್ ಕ್ಲಾರ್ಕಿ ಸುಮಾರು 12 ಸೆಂಟಿಮೀಟರ್ ಬೆಳೆಯುತ್ತದೆ. ಫ್ಲೋರಿಡಾದ ನೀಲಿ ಕ್ರೇಫಿಶ್ ಪ್ರೊಕಾಂಬರಸ್ ಅಲೆನಿ ಗಾತ್ರದಲ್ಲಿ ಅದಕ್ಕಿಂತ ಅಷ್ಟೇನೂ ಚಿಕ್ಕದಲ್ಲ. ಆಸ್ಟ್ರೇಲಿಯಾದ ರೆಡ್‌ಕ್ಲಾ 20 ಸೆಂಟಿಮೀಟರ್ ದಾಟಿ, ಅರ್ಧ ಕಿಲೋ ತೂಗಬಲ್ಲದು. ಅಂಗಡಿಯಲ್ಲಿ "ಬ್ಲೂ ಲಾಬ್‌ಸ್ಟರ್" ಎಂದು ಚೀಟಿ ಅಂಟಿಸಿದ ಡಬ್ಬಿಯಲ್ಲಿ ಈ ಮೂರು ದೊಡ್ಡ ಜಾತಿಗಳ ಪೈಕಿ ಯಾವುದರ ಮರಿ ಬೇಕಾದರೂ ಇರಬಹುದು. ಮರಿಯಾಗಿದ್ದಾಗ ಎಲ್ಲವೂ ಮುದ್ದಾಗಿ, ಬೆರಳಿನ ಎರಡು ಗಿಣ್ಣಿನಷ್ಟೇ ಇರುತ್ತವೆ.

ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದ್ದು ಮೀನಿನ ಬಗ್ಗೆ ಅಲ್ಲ. ನಿಮ್ಮ ಹತ್ತಿರ ಇರುವುದು ಕುಬ್ಜ ಜಾತಿಯೋ, ದೊಡ್ಡ ಜಾತಿಯೋ? ನನ್ನ ಅಭಿಪ್ರಾಯವನ್ನು ಈಗಲೇ ಹೇಳಿಬಿಡುತ್ತೇನೆ. ಕುಬ್ಜ ಜಾತಿಯಾದರೆ ಹತ್ತಾರು ಜೀವಿಗಳ ಜೊತೆ ಸಂಸಾರ ನಡೆಯುತ್ತದೆ. ದೊಡ್ಡ ಜಾತಿಯಾದರೆ ತೊಟ್ಟಿ ಅದರದ್ದು. ಅಲ್ಲಿ ಮೀನು ಬಿಡುವುದು ನಾವು ಗೊತ್ತಿದ್ದೇ ಕಟ್ಟುವ ಬಾಜಿ. ಯಾಕೆ ಹಾಗೆ ಅನ್ನುವುದನ್ನು ಅರ್ಥ ಮಾಡಿಕೊಂಡರೆ ಯಾವ ಮೀನು ಹೊಂದುತ್ತದೆ ಎಂಬ ಪಟ್ಟಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ನೀವೇ ಲೆಕ್ಕ ಹಾಕಬಹುದು.

ಸಿಕ್ಕಿದ್ದೇ ಊಟ

ಕ್ರೇಫಿಶ್‌ಗೆ ಸಿಟ್ಟು ಜಾಸ್ತಿ, ಅದು ಜಗಳಗಂಟ ಅಂತೆಲ್ಲ ಹೇಳುತ್ತಾರೆ. ಮೀನಿನ ವಿಷಯದಲ್ಲಿ ಆ ಮಾತು ಅಷ್ಟು ಸರಿಯಲ್ಲ. ಮೀನಿನ ಮೇಲೆ ಅದಕ್ಕೆ ಯಾವ ದ್ವೇಷವೂ ಇಲ್ಲ. ಅದು ತಳದಲ್ಲಿ ಓಡಾಡುತ್ತಾ ಸಿಕ್ಕಿದ್ದನ್ನೆಲ್ಲ ತಿನ್ನುವ ಪ್ರಾಣಿ. ಕೊಳೆತ ಎಲೆ, ಪಾಚಿ, ಗಿಡದ ಬೇರು, ಹುಳ, ಬಸವನಹುಳು, ಸತ್ತ ಮೀನು ಎಲ್ಲವೂ ಅದಕ್ಕೆ ಊಟವೇ. ಬದುಕಿರುವ ಮೀನು ಕೈಗೆಟುಕಿದರೆ ಅದೂ ಊಟ.

ಅದು ಊಟ ಹುಡುಕುವುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಬೇಯಿಸಿದ ಬಟಾಣಿಯ ಒಂದು ಕಾಳನ್ನು ತೊಟ್ಟಿಯ ಇನ್ನೊಂದು ತುದಿಗೆ ಹಾಕಿ. ಉದ್ದ ಮೀಸೆಗಳ ಪಕ್ಕದಲ್ಲಿರುವ ಗಿಡ್ಡ ಮೀಸೆಗಳು ಪಟಪಟ ಅಂತ ಅಲುಗಾಡತೊಡಗುತ್ತವೆ. ವಾಸನೆ ಹಿಡಿಯುವುದು ಅವೇ. ಆಮೇಲೆ ಪ್ರಾಣಿ ನೇರವಾಗಿ ಹೋಗುವುದಿಲ್ಲ, ಅತ್ತಿತ್ತ ತಡಕಾಡುತ್ತಾ ಹೋಗುತ್ತದೆ. ದೊಡ್ಡ ಇಕ್ಕಳದ ಹಿಂದಿರುವ ಎರಡು ಜೊತೆ ಕಾಲುಗಳ ತುದಿಯಲ್ಲೂ ಪುಟ್ಟ ಪುಟ್ಟ ಇಕ್ಕಳಗಳಿರುತ್ತವೆ. ಅವುಗಳಿಂದ ಮರಳನ್ನು ಚಿವುಟಿ ಚಿವುಟಿ, ರುಚಿ ನೋಡುತ್ತಾ ಮುಂದೆ ಸಾಗುತ್ತದೆ. ಕಾಳು ಸಿಕ್ಕಿದ ಕೂಡಲೇ ಆ ಪುಟ್ಟ ಇಕ್ಕಳಗಳೇ ಅದನ್ನು ಬಾಯಿಗೆ ದಾಟಿಸುತ್ತವೆ. ದೊಡ್ಡ ಕೈಗಳು ಆ ಹೊತ್ತಿಗೆ ಮುಂದಕ್ಕೆ ಚಾಚಿ, ಯಾರಾದರೂ ಬಂದರೆ ನೋಡಿಕೊಳ್ಳೋಣ ಎಂಬಂತೆ ಕಾವಲು ನಿಂತಿರುತ್ತವೆ.

ಇಲ್ಲಿ ಗಮನಿಸಬೇಕಾದ್ದು ವೇಗ. ಕ್ರೇಫಿಶ್ ಮೀನನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯಲಾರದು. ಬಾಲ ಮಡಚಿ ಬಡಿದು ಹಿಂದಕ್ಕೆ ಮಿಂಚಿನಂತೆ ಹಾರುತ್ತದಲ್ಲ, ಅದು ತಪ್ಪಿಸಿಕೊಳ್ಳುವ ವಿದ್ಯೆ, ಹಿಡಿಯುವ ವಿದ್ಯೆ ಅಲ್ಲ. ಮುಂದಕ್ಕೆ ಹೋಗಬೇಕೆಂದರೆ ಅದು ನಡೆದೇ ಹೋಗಬೇಕು. ಹಗಲಲ್ಲಿ ಎಚ್ಚರವಾಗಿರುವ, ಚುರುಕಾದ ಮೀನು ಅದರ ಕೈಗೆ ಸಿಗುವುದು ಅಪರೂಪ. ಸಿಗುವುದು ಮೂರು ಬಗೆಯವು: ತಳದಲ್ಲೇ ಇರುವವು, ನಿಧಾನವಾಗಿ ಚಲಿಸುವವು, ನಿದ್ದೆಯಲ್ಲಿರುವವು.

ಮೂರನೆಯದನ್ನು ಜನ ಮರೆಯುತ್ತಾರೆ. ಕ್ರೇಫಿಶ್ ಹೆಚ್ಚಾಗಿ ರಾತ್ರಿಯ ಪ್ರಾಣಿ. ದೀಪ ಆರಿದ ಮೇಲೆ ಅದರ ದಿನ ಶುರು. ಅದೇ ಹೊತ್ತಿಗೆ ಮೀನುಗಳು ಮಂಕಾಗಿ, ಅಲುಗಾಡದೆ, ಎಷ್ಟೋ ಸಲ ಗಿಡದ ಮರೆಗೋ ತಳದ ಹತ್ತಿರಕ್ಕೋ ಇಳಿದು ಸುಮ್ನೆ ನಿಂತಿರುತ್ತವೆ. ಹಗಲೆಲ್ಲ ನೀರಿನ ಮೇಲ್ಭಾಗದಲ್ಲಿ ಜಿಗಿದಾಡುವ ಗಪ್ಪಿಯೂ ಡೇನಿಯೊವೂ ಅಷ್ಟೇ. ಮಂದ ಬೆಳಕಿನ ಟಾರ್ಚ್ ಹಿಡಿದು ಮಧ್ಯರಾತ್ರಿ ನಿಮ್ಮ ತೊಟ್ಟಿಯನ್ನು ಒಂದು ಸಲ ನೋಡಿ. ಯಾವ ಮೀನು ಎಲ್ಲಿ ಮಲಗುತ್ತದೆ ಅನ್ನುವುದು ಗೊತ್ತಾದರೆ ಯಾವ ಮೀನು ಉಳಿಯುತ್ತದೆ ಅನ್ನುವುದೂ ಗೊತ್ತಾದಂತೆ.

"ಮೇಲೆ ಈಜುವ ಮೀನು ಹಾಕಿ, ಏನೂ ಆಗಲ್ಲ" ಎಂಬ ಸಲಹೆ ಅರ್ಧ ಮಾತ್ರ ನಿಜ. ಇನ್ನೊಂದು ಕಾರಣವೂ ಇದೆ. ಕ್ರೇಫಿಶ್‌ಗೆ ಈಜು ಬರದಿದ್ದರೂ ಹತ್ತುವುದು ಚೆನ್ನಾಗಿ ಬರುತ್ತದೆ. ಫಿಲ್ಟರ್ ಪೈಪು, ಹೀಟರ್ ವಯರು, ಎತ್ತರದ ಗಿಡ, ಓರೆಯಾಗಿ ನಿಲ್ಲಿಸಿದ ಕಟ್ಟಿಗೆ, ಇವೆಲ್ಲ ಅದಕ್ಕೆ ಏಣಿ. ನೀರಿನ ಮೇಲ್ಮೈಗೆ ತಾಗುವ ಕಟ್ಟಿಗೆಯ ತುದಿಯಲ್ಲಿ ಅದು ಕುಳಿತಿದ್ದರೆ ಮೇಲೆ ಈಜುವ ಮೀನೂ ಅದರ ಕೈಯಳತೆಯಲ್ಲೇ ಇರುತ್ತದೆ.

ಹಾಗಾದರೆ ಯಾರು ಆಗಬಹುದು?

ದೊಡ್ಡ ಜಾತಿಯಿಂದ ಶುರು ಮಾಡೋಣ. ಕ್ಲಾರ್ಕಿ, ಅಲೆನಿ, ರೆಡ್‌ಕ್ಲಾ ಇರುವ ಕಡೆ ತಳದಲ್ಲಿ ಬದುಕುವ ಯಾವ ಮೀನೂ ಬೇಡ. ಕೋರಿಡೊರಾಸ್, ಕೂಲಿ ಲೋಚ್, ಪ್ಲೆಕೊ ಎಲ್ಲಕ್ಕೂ ಇದೇ ಮಾತು. ಪ್ಲೆಕೊಗೆ ಗಟ್ಟಿ ಕವಚ ಇದೆ ನಿಜ. ಆದರೆ ಅದು ಮಲಗಲು ಹೋಗುವುದು ಗುಹೆಗೆ, ಕ್ರೇಫಿಶ್ ಮನೆ ಮಾಡಿಕೊಳ್ಳುವುದೂ ಗುಹೆಯಲ್ಲೇ. ರಾತ್ರಿಯಿಡೀ ಜಾಗದ ಜಗಳ. ಉದ್ದ ರೆಕ್ಕೆಯ ಬೆಟ್ಟಾ, ಏಂಜೆಲ್, ದುಂಡು ಹೊಟ್ಟೆಯ ಅಲಂಕಾರಿಕ ಗೋಲ್ಡ್‌ಫಿಶ್ ಕೂಡ ಬೇಡ. ಇವು ನಿಧಾನ, ರೆಕ್ಕೆಗಳೋ ಹಿಡಿಯಲು ಹೇಳಿ ಮಾಡಿಸಿದ ಹಾಗೆ ಜೋತಾಡುತ್ತಿರುತ್ತವೆ. ಆಫ್ರಿಕಾದ ಕುಬ್ಜ ಕಪ್ಪೆಯಂತೂ ಬೇಡವೇ ಬೇಡ. ಅದರ ಚರ್ಮ ಮೆತ್ತಗೆ, ಈಜು ನಿಧಾನ, ಸಾಲದ್ದಕ್ಕೆ ಉಸಿರಿಗಾಗಿ ಮೇಲಕ್ಕೂ ವಿಶ್ರಾಂತಿಗೆ ತಳಕ್ಕೂ ದಿನವಿಡೀ ಓಡಾಡುತ್ತಿರಬೇಕು. ಬಸವನಹುಳುವನ್ನು ತೊಟ್ಟಿಗೆ ಹಾಕಿದರೆ ಅದು ಸಂಗಾತಿ ಅಲ್ಲ, ತಿಂಡಿ. ದೊಡ್ಡ ಇಕ್ಕಳ ಚಿಪ್ಪಿನ ಅಂಚನ್ನು ಚೂರು ಚೂರಾಗಿ ಮುರಿದು ಒಳಗಿನದನ್ನು ಎಳೆದು ತಿನ್ನುತ್ತದೆ.

ಉಳಿದದ್ದು ಚುರುಕಿನ, ಗುಂಪಿನಲ್ಲಿ ಮೇಲೆ ಈಜುವ, ಜಾಸ್ತಿ ಬೆಲೆ ಬಾಳದ ಮೀನುಗಳು. ಡೇನಿಯೊ, ಸ್ವೋರ್ಡ್‌ಟೇಲ್, ಪ್ಲಾಟಿ ಇಂಥವು. ಆಗಾಗ ಒಂದೆರಡು ಕಡಿಮೆಯಾದರೂ ಒಪ್ಪಿಕೊಳ್ಳುವ ಮನಸ್ಸಿದ್ದರೆ ಮಾತ್ರ ಬಿಡಿ. ಒಂದೊಂದು ಮೀನಿಗೂ ಹೆಸರಿಟ್ಟು ಸಾಕುವವರಾದರೆ ಬೇಡ.

ಕುಬ್ಜ ಜಾತಿಗೆ ಬಂದರೆ ಚಿತ್ರವೇ ಬೇರೆ. ಸಿಪಿಒದ ಇಕ್ಕಳ ಎಷ್ಟು ಸಣ್ಣದೆಂದರೆ ಆರೋಗ್ಯವಾಗಿರುವ ಮೀನನ್ನು ಹಿಡಿದಿಡುವ ಶಕ್ತಿ ಅದಕ್ಕಿಲ್ಲ. ರಾಸ್‌ಬೋರಾ, ಎಂಡ್ಲರ್, ಸಣ್ಣ ಟೆಟ್ರಾ, ಕೋರಿಡೊರಾಸ್ ಕೂಡ ಇದರ ಜೊತೆ ಬಾಳುತ್ತವೆ. ಚೆರ್ರಿ ಸೀಗಡಿಗಳ ಜೊತೆಗೂ ನಡೆಯುತ್ತದೆ. ದೊಡ್ಡ ಸೀಗಡಿಗಳು ತಪ್ಪಿಸಿಕೊಳ್ಳುತ್ತವೆ, ಮರಿಗಳು ಮಾತ್ರ ಆಗಾಗ ಊಟವಾಗುತ್ತವೆ. ಪಾಚಿಗಿಡ ದಟ್ಟವಾಗಿದ್ದರೆ ಮರಿಗಳಲ್ಲಿ ಸಾಕಷ್ಟು ಉಳಿಯುತ್ತವೆ, ಆದರೆ ಸೀಗಡಿ ಮರಿ ಮಾಡಿಸುವುದೇ ನಿಮ್ಮ ಆಸೆಯಾದರೆ ಎರಡಕ್ಕೂ ಬೇರೆ ಬೇರೆ ತೊಟ್ಟಿ ಇರಲಿ. ಗಟ್ಟಿ ಚಿಪ್ಪಿನ ನೆರೈಟ್ ಬಸವನಹುಳುವನ್ನು ಕುಬ್ಜ ಕ್ರೇಫಿಶ್ ಒಡೆಯಲಾರದು. ತೆಳು ಚಿಪ್ಪಿನ ಪುಟಾಣಿ ಹುಳುಗಳನ್ನು ಮಾತ್ರ ತಿಂದು ಮುಗಿಸುತ್ತದೆ. ತೊಟ್ಟಿಯಲ್ಲಿ ಅವು ವಿಪರೀತ ಆಗಿದ್ದವರಿಗೆ ಅದೇ ಒಂದು ಉಪಕಾರ.

ನೀರು ಇಬ್ಬರಿಗೂ ಹೊಂದಬೇಕು ಅನ್ನುವುದು ಜೊತೆಗಾರರ ಆಯ್ಕೆಯಲ್ಲಿ ಹಿಂದೆ ಬಿದ್ದುಹೋಗುವ ವಿಷಯ. ಕ್ರೇಫಿಶ್‌ಗೆ ಚಿಪ್ಪು ಕಟ್ಟಲು ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಬೇಕು. ಹಾಗಾಗಿ ಗಡಸು ನೀರು, ಪಿಎಚ್ 7ರಿಂದ 8ರ ಒಳಗೆ ಇದ್ದರೆ ಒಳ್ಳೆಯದು. ಮೆದು, ಹುಳಿ ನೀರನ್ನೇ ಬಯಸುವ ಕಾಡುಮೂಲದ ಟೆಟ್ರಾಗಳಿಗೂ ಡಿಸ್ಕಸ್‌ಗೂ ಇದು ಸರಿಹೋಗದು. ಮರಿ ಹಾಕುವ ಮೀನುಗಳಾದ ಪ್ಲಾಟಿ, ಎಂಡ್ಲರ್ ಇಂಥ ನೀರಿನಲ್ಲಿ ಚೆನ್ನಾಗಿರುತ್ತವೆ. ಬಿಸಿಯ ಲೆಕ್ಕವೂ ಇದೆ. ಸಿಪಿಒದ ಮೂಲ ಪಾಟ್ಸ್‌ಕ್ವಾರೊ ಸರೋವರ ಸಮುದ್ರಮಟ್ಟದಿಂದ 2,000 ಮೀಟರಿಗಿಂತ ಎತ್ತರದಲ್ಲಿದೆ. ಅದು ತಂಪು ನೀರಿನ ಪ್ರಾಣಿ. 28 ಡಿಗ್ರಿಯ ತೊಟ್ಟಿಯಲ್ಲಿ ಅದು ಬದುಕಿದಂತೆ ಕಂಡರೂ ಬಾಳುವುದಿಲ್ಲ. ವೈಟ್ ಕ್ಲೌಡ್ ಮಿನ್ನೋ ಕೂಡ ತಂಪು ಬಯಸುವ ಮೀನು, ಚುರುಕು, ಸಣ್ಣದು. ಸಿಪಿಒಗೆ ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಹೊಳೆಯುತ್ತಿಲ್ಲ. ರೆಡ್‌ಕ್ಲಾ ಇದಕ್ಕೆ ತದ್ವಿರುದ್ಧ, ಅದಕ್ಕೆ ಬೆಚ್ಚಗಿನ ನೀರೇ ಬೇಕು.

ಬಲಿ ಯಾವಾಗಲೂ ಮೀನೇ ಅಲ್ಲ

ಇಲ್ಲಿಯವರೆಗೆ ಮೀನನ್ನು ಕ್ರೇಫಿಶ್‌ನಿಂದ ಕಾಪಾಡುವ ಮಾತಾಯಿತು. ಈಗ ತಿರುಗಿಸಿ ನೋಡಿ. ಕ್ರೇಫಿಶ್‌ನ ಬದುಕಿನಲ್ಲಿ ಮತ್ತೆ ಮತ್ತೆ ಬರುವ ಕೆಲವು ದಿನ ಇವೆ. ಆಗ ಅದರಷ್ಟು ಅಸಹಾಯಕ ಪ್ರಾಣಿ ತೊಟ್ಟಿಯಲ್ಲಿ ಇನ್ನೊಂದಿರುವುದಿಲ್ಲ.

ಗಟ್ಟಿ ಚಿಪ್ಪು ಬೆಳೆಯುವುದಿಲ್ಲ. ಒಳಗಿನ ಪ್ರಾಣಿ ಬೆಳೆಯಬೇಕೆಂದರೆ ಹಳೆಯದನ್ನು ಕಳಚಿ ಹೊಸದನ್ನು ಹಾಕಿಕೊಳ್ಳಬೇಕು. ಮರಿಗಳು ಒಂದೆರಡು ವಾರಕ್ಕೊಮ್ಮೆ ಪೊರೆ ಬಿಡುತ್ತವೆ. ದೊಡ್ಡವು ವರ್ಷಕ್ಕೆ ಕೆಲವೇ ಸಲ. ಅದಕ್ಕೆ ಮುಂಚೆ ಕೆಲವು ದಿನ ಊಟ ಬಿಟ್ಟು ಮೂಲೆ ಸೇರುತ್ತದೆ. ಆ ದಿನಗಳಲ್ಲಿ ಒಳಗೆ ನಡೆಯುವ ಕೆಲಸ ಸೋಜಿಗದ್ದು. ಹಳೆಯ ಚಿಪ್ಪಿನ ಕ್ಯಾಲ್ಸಿಯಂನಲ್ಲಿ ಒಂದಷ್ಟನ್ನು ದೇಹ ಹಿಂದಕ್ಕೆ ಎಳೆದುಕೊಂಡು, ಹೊಟ್ಟೆಯ ಗೋಡೆಯಲ್ಲಿ ಎರಡು ಬಿಳಿ ಗುಂಡಿಗಳ ಹಾಗೆ ಶೇಖರಿಸಿಡುತ್ತದೆ. ಪೊರೆ ಬಿಟ್ಟಾದ ಮೇಲೆ ಆ ಗುಂಡಿಗಳು ಕರಗಿ, ಹೊಸ ಚಿಪ್ಪು ಗಟ್ಟಿಯಾಗಲು ಮೊದಲ ಕಂತು ಸಿಗುತ್ತದೆ.

ಪೊರೆ ಬಿಡುವ ಗಳಿಗೆ ಬಂದಾಗ ತಲೆಯ ಕವಚಕ್ಕೂ ಬಾಲಕ್ಕೂ ನಡುವಿನ ಸಂದು ಬಿರಿಯುತ್ತದೆ. ಪ್ರಾಣಿ ಒಂದು ಮಗ್ಗುಲಿಗೆ ಒರಗಿ, ತಡೆತಡೆದು ಅದುರುತ್ತಾ ಮೊದಲು ತಲೆ ಮತ್ತು ಕೈಗಳನ್ನು ಎಳೆದುಕೊಳ್ಳುತ್ತದೆ. ಅಷ್ಟು ದಪ್ಪ ಇಕ್ಕಳ ಅಷ್ಟು ಸಣ್ಣ ಕೀಲಿನೊಳಗಿನಿಂದ ಬರಬೇಕು. ಮೀಸೆಯ ತುದಿಯಿಂದ ಕಣ್ಣಿನ ಪೊರೆಯವರೆಗೆ, ಹೊಟ್ಟೆಯೊಳಗೆ ಆಹಾರ ಅರೆಯುವ ಹಲ್ಲುಗಳೂ ಸೇರಿ, ಎಲ್ಲವೂ ಕಳಚಿಕೊಳ್ಳುತ್ತವೆ. ಕೊನೆಗೆ ಬಾಲದ ಒಂದು ಬಡಿತ, ಆಚೆ. ಎಲ್ಲ ಸರಿಯಾಗಿ ನಡೆದರೆ ಇದು ಕೆಲವೇ ನಿಮಿಷದ ಕೆಲಸ.

ಆಚೆ ಬಂದ ಪ್ರಾಣಿ ಮೆತ್ತಗೆ ರಬ್ಬರಿನಂತೆ ಇರುತ್ತದೆ. ನೆಟ್ಟಗೆ ನಿಲ್ಲಲು ಕಾಲಿಗೆ ಬಲವಿಲ್ಲ, ಚಿವುಟಲು ಇಕ್ಕಳಕ್ಕೆ ಗಟ್ಟಿತನವಿಲ್ಲ. ಸರಿಯಾಗಿ ಗಟ್ಟಿಯಾಗಲು ದೊಡ್ಡದಕ್ಕೆ ಕೆಲವು ದಿನ ಬೇಕು, ಒಮ್ಮೊಮ್ಮೆ ವಾರವೂ ಆಗುತ್ತದೆ. ನಿನ್ನೆಯವರೆಗೆ ಹೆದರಿ ದೂರ ಇದ್ದ ಮೀನುಗಳು ಈಗ ಹತ್ತಿರ ಬಂದು ಒಂದೊಂದೇ ಕುಕ್ಕು ಕುಕ್ಕುತ್ತವೆ. ಯೋಯೋ ಲೋಚ್, ಕ್ಲೌನ್ ಲೋಚ್, ಟೈಗರ್ ಬಾರ್ಬ್, ಸಿಕ್ಲಿಡ್‌ಗಳು ಇದರಲ್ಲಿ ಎತ್ತಿದ ಕೈ. ಪಫರ್ ಮೀನು ಮತ್ತು ದೊಡ್ಡ ಆಸ್ಕರ್‌ಗೆ ಇಷ್ಟು ಕಾಯುವ ಅಗತ್ಯವೂ ಇಲ್ಲ. ಚಿಪ್ಪು ಗಟ್ಟಿ ಇದ್ದಾಗಲೇ ಅವು ಮುರಿದು ತಿನ್ನುತ್ತವೆ. ಆಮೆಗೂ ಕ್ರೇಫಿಶ್ ಇಷ್ಟದ ಊಟ. "ನನ್ನ ಮೀನು ದೊಡ್ಡದು, ಕ್ರೇಫಿಶ್ ಏನೂ ಮಾಡಲಾರದು" ಎಂದು ಧೈರ್ಯ ಮಾಡುವವರು ಮರೆಯುವುದು ಇದನ್ನೇ. ಮೀನು ದೊಡ್ಡದಾದಷ್ಟೂ ಕ್ರೇಫಿಶ್‌ಗೆ ಆಪತ್ತು ಹತ್ತಿರ.

ಹೊಸಬರಿಗೆ ಒಂದು ಕಿವಿಮಾತು. ಬೆಳಿಗ್ಗೆ ತಳದಲ್ಲಿ ಕ್ರೇಫಿಶ್ ಅಲುಗಾಡದೆ ಬಿದ್ದಿದ್ದರೆ ಸತ್ತಿದೆ ಅಂತ ಗಾಬರಿಯಾಗಬೇಡಿ. ಹತ್ತಿರದಿಂದ ನೋಡಿ. ಬೆಳಕು ಹಾಯುವಷ್ಟು ತೆಳುವಾಗಿ, ಒಳಗೆ ಟೊಳ್ಳಾಗಿ, ಬೆನ್ನಿನ ಸಂದು ತೆರೆದುಕೊಂಡಿದ್ದರೆ ಅದು ಬರೀ ಪೊರೆ. ನಿಜವಾದ ಪ್ರಾಣಿ ಎಲ್ಲೋ ಕಲ್ಲಿನ ಸಂದಿಯಲ್ಲಿ ಅಡಗಿರುತ್ತದೆ. ಪೊರೆಯನ್ನು ತೆಗೆದು ಎಸೆಯಬೇಡಿ. ಅದರಲ್ಲಿರುವ ಕ್ಯಾಲ್ಸಿಯಂಗಾಗಿ ಆಮೇಲೆ ಅದೇ ಬಂದು ತಿನ್ನುತ್ತದೆ. ಮೆತ್ತಗಿರುವಾಗ ಅದನ್ನು ಬಲೆಯಲ್ಲಿ ಹಿಡಿದು ಬೇರೆಡೆ ಹಾಕುವುದೂ ಬೇಡ, ಕೈಕಾಲು ಮುರಿಯುತ್ತದೆ. ಮೀನುಗಳು ಕಾಡುತ್ತಿದ್ದರೆ, ಚಿಪ್ಪು ಗಟ್ಟಿಯಾಗುವವರೆಗೆ ಮೀನುಗಳನ್ನೇ ಬೇರೆ ತೊಟ್ಟಿಯಲ್ಲಿ ಇಡಿ.

ಸದಾ ಕಾಟ ಕೊಡುವ ಮೀನಿರುವ ತೊಟ್ಟಿಯಲ್ಲಿ ಕ್ರೇಫಿಶ್ ಗುಹೆ ಬಿಟ್ಟು ಬರುವುದೇ ಇಲ್ಲ. ಇದು ಸುಮ್ನೆ ನಾಚಿಕೆ ಅಂದುಕೊಳ್ಳಬೇಡಿ. 2014ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗದಲ್ಲಿ ಕ್ಲಾರ್ಕಿ ಜಾತಿಯ ಕ್ರೇಫಿಶ್‌ಗಳಿಗೆ ಸಣ್ಣ ವಿದ್ಯುತ್ ಆಘಾತ ಕೊಟ್ಟು ನೋಡಿದರು. ಆಮೇಲೆ ಅವು ಬೆಳಕಿರುವ ದಾರಿಗೆ ಕಾಲಿಡದೆ ಕತ್ತಲಲ್ಲೇ ಉಳಿದವು. ಮನುಷ್ಯರ ಆತಂಕಕ್ಕೆ ಕೊಡುವ ಔಷಧಿ ಕೊಟ್ಟಾಗ ಮತ್ತೆ ಬೆಳಕಿಗೆ ಬಂದವು. ಕಾಟದ ನೆನಪು ಅವುಗಳ ಮೈಯಲ್ಲಿ ಉಳಿಯುತ್ತದೆ ಅಂತಾಯಿತು, ಅಲ್ವಾ?

ಎರಡು ಕ್ರೇಫಿಶ್ ಒಟ್ಟಿಗೆ

ಮೀನಿನ ಜೊತೆ ಕ್ರೇಫಿಶ್ ಜಗಳಗಂಟ ಅಲ್ಲ ಅಂದೆ. ತನ್ನವರ ಜೊತೆ ಮಾತ್ರ ಹೌದು. ಎರಡು ಎದುರಾದರೆ ಮೊದಲು ಇಕ್ಕಳ ಎತ್ತಿ ತೋರಿಸುತ್ತವೆ, ಆಮೇಲೆ ತಳ್ಳಾಟ, ಆಮೇಲೆ ಹಿಡಿದಾಟ. ಇದರ ನಡುವೆ ನಮಗೆ ಕಾಣದ ಇನ್ನೊಂದು ಮಾತುಕತೆ ನಡೆಯುತ್ತಿರುತ್ತದೆ. ಕ್ರೇಫಿಶ್‌ನ ಮೂತ್ರ ಹೊರಬರುವುದು ತಲೆಯಿಂದ, ಮೀಸೆಯ ಬುಡದಲ್ಲಿರುವ ರಂಧ್ರಗಳಿಂದ. ಜಗಳದ ಹೊತ್ತಿನಲ್ಲಿ ಅವು ಎದುರಾಳಿಯ ಮುಖಕ್ಕೇ ಮೂತ್ರ ಹಾರಿಸುತ್ತವೆ. ಅದರ ವಾಸನೆಯಿಂದ ಯಾರು ಬಲಶಾಲಿ ಅನ್ನುವುದು ತಿಳಿಯುತ್ತದೆ. ಸೋತದ್ದು ಮುಂದಿನ ಸಲ ಗೆದ್ದದ್ದರ ವಾಸನೆ ಬಂದರೆ ದೂರ ಸರಿಯುತ್ತದೆ.

ಹೊಳೆಯಲ್ಲಾದರೆ ಸೋತದ್ದು ಓಡಿಹೋಗಲು ಜಾಗ ಇದೆ. ಗಾಜಿನ ಡಬ್ಬದಲ್ಲಿ ಓಡಿ ಎಲ್ಲಿಗೆ ಹೋಗುವುದು? ಹೇಗೋ ದಿನ ದೂಡಿದರೂ ಒಂದು ಪೊರೆ ಬಿಟ್ಟ ರಾತ್ರಿ ಇನ್ನೊಂದು ಅದನ್ನು ತಿಂದುಬಿಡುತ್ತದೆ. ದೊಡ್ಡ ಜಾತಿಯಲ್ಲಿ ಒಂದು ತೊಟ್ಟಿಗೆ ಒಂದೇ ಅನ್ನುವುದು ಇದಕ್ಕೇ. ಗಂಡು ಹೆಣ್ಣು ಜೋಡಿ ಇದ್ದರೆ ಪ್ರೀತಿಯಿಂದ ಇರುತ್ತವೆ ಅಂದುಕೊಳ್ಳುವುದು ನಮ್ಮ ಕಲ್ಪನೆ. ಕುಬ್ಜ ಜಾತಿಗಳನ್ನು ಗುಂಪಾಗಿ ಸಾಕಬಹುದು. 60 ಸೆಂಟಿಮೀಟರ್ ಉದ್ದದ ತೊಟ್ಟಿಯಲ್ಲಿ ನಾಲ್ಕೈದು, ಅದರಲ್ಲಿ ಗಂಡು ಕಡಿಮೆ ಇರಲಿ.

ಜಗಳದಲ್ಲಿ ಒಂದು ಕೈ ಹೋದರೆ ಕಂಗಾಲಾಗಬೇಡಿ. ಸಿಕ್ಕಿಹಾಕಿಕೊಂಡ ಕೈಯನ್ನು ಬುಡದಲ್ಲಿ ತಾನೇ ಕಳಚಿಕೊಂಡು ಓಡುವುದು ಇದಕ್ಕೆ ಗೊತ್ತು. ಅಲ್ಲೊಂದು ಮೊಗ್ಗು ಮೂಡಿ, ಕೆಲವು ಪೊರೆ ಕಳೆಯುವಷ್ಟರಲ್ಲಿ ಹೊಸ ಕೈ ಬಂದಿರುತ್ತದೆ.

ಬೇರೆ ಬೇರೆ ಖಂಡದ ಜಾತಿಗಳನ್ನು ಬೆರೆಸುವುದರಲ್ಲಿ ಜಗಳಕ್ಕಿಂತ ದೊಡ್ಡ ಅಪಾಯ ಇದೆ. ಉತ್ತರ ಅಮೆರಿಕದ ಕ್ರೇಫಿಶ್‌ಗಳ ಮೈಯಲ್ಲಿ ಅಫನೊಮೈಸಿಸ್ ಅಸ್ಟಾಸಿ ಎಂಬ ಬೂಸ್ಟಿನಂಥ ಜೀವಿ ಇರಬಹುದು. ಅವುಗಳಿಗೆ ಅದರಿಂದ ಸಾಮಾನ್ಯವಾಗಿ ತೊಂದರೆ ಇಲ್ಲ. ಯುರೋಪಿನ ಮತ್ತು ಆಸ್ಟ್ರೇಲಿಯಾದ ಜಾತಿಗಳಿಗೆ ಅದು ಮಾರಿ. 1859ರ ಸುಮಾರಿಗೆ ಇಟಲಿಯಲ್ಲಿ ಕಾಣಿಸಿಕೊಂಡ ಈ ರೋಗ ಮುಂದೆ ಯುರೋಪಿನ ಹೊಳೆಗಳಲ್ಲಿದ್ದ ಸ್ಥಳೀಯ ಕ್ರೇಫಿಶ್‌ಗಳನ್ನು ಗುಡಿಸಿ ಹಾಕಿತು. ಕ್ಲಾರ್ಕಿ, ಸಿಪಿಒಗಳು ಉತ್ತರ ಅಮೆರಿಕದ ಕಡೆಯವು, ರೆಡ್‌ಕ್ಲಾ ಆಸ್ಟ್ರೇಲಿಯಾದ್ದು. ಈ ಎರಡು ಕಡೆಯವನ್ನು ಒಂದೇ ತೊಟ್ಟಿಯಲ್ಲಿ ಇಡುವುದಿರಲಿ, ಒಂದರ ಒದ್ದೆ ಬಲೆಯನ್ನು ಇನ್ನೊಂದರ ನೀರಿಗೆ ಅದ್ದಬೇಡಿ.

ತೊಟ್ಟಿಯ ಒಳಗೆ

ಕ್ರೇಫಿಶ್‌ಗೆ ಬೇಕಾದ್ದು ನೆಲದ ಅಗಲ, ಮೀನಿಗೆ ಬೇಕಾದ್ದು ತಪ್ಪಿಸಿಕೊಳ್ಳುವ ಎತ್ತರ. ಎರಡೂ ಇದ್ದರೆ ಅರ್ಧ ಗೆದ್ದಂತೆ. ಒಂದು ದೊಡ್ಡ ಕ್ರೇಫಿಶ್ ಜೊತೆ ಮೀನುಗಳನ್ನೂ ಇಡುವುದಾದರೆ 100 ಲೀಟರಿಗಿಂತ ಕಡಿಮೆ ಬೇಡ, ಜಾಸ್ತಿ ಇದ್ದಷ್ಟೂ ಒಳ್ಳೆಯದು. ಅಡಗುವ ಜಾಗಗಳು ಕ್ರೇಫಿಶ್‌ಗಳ ಸಂಖ್ಯೆಗಿಂತ ಹೆಚ್ಚಿರಲಿ, ಒಂದರಿಂದ ಇನ್ನೊಂದು ಕಾಣದಂತಿರಲಿ. ಪಿವಿಸಿ ಪೈಪಿನ ತುಂಡು ನೋಡಲು ಚೆನ್ನಾಗಿಲ್ಲ, ಕೆಲಸಕ್ಕೆ ಮಾತ್ರ ಅದನ್ನು ಮೀರಿಸಿದ್ದಿಲ್ಲ. ಎರಡೂ ಕಡೆ ಬಾಯಿ ತೆರೆದಿರುವುದರಿಂದ ಯಾರೂ ಒಳಗೆ ಸಿಕ್ಕಿಬೀಳುವುದಿಲ್ಲ.

ಕಲ್ಲು ಜೋಡಿಸುವುದಾದರೆ ನೇರವಾಗಿ ತಳದ ಗಾಜಿನ ಮೇಲೆ ಕೂರಿಸಿ, ಆಮೇಲೆ ಸುತ್ತ ಮರಳು ಹಾಕಿ. ಮರಳಿನ ಮೇಲೆ ಕಲ್ಲಿಟ್ಟರೆ ಕ್ರೇಫಿಶ್ ಅಡಿಯಲ್ಲಿ ತೋಡಿ, ಒಂದು ದಿನ ಕಲ್ಲು ಅದರ ಮೇಲೇ ಕುಸಿಯುತ್ತದೆ. ಮೆತ್ತನೆ ಗಿಡಗಳ ಆಸೆ ಬಿಟ್ಟುಬಿಡಿ. ದೊಡ್ಡ ಜಾತಿ ಅವನ್ನು ತಿನ್ನುತ್ತದೆ, ತಿನ್ನದಿದ್ದರೆ ಕತ್ತರಿಸಿ ತೇಲಿಬಿಡುತ್ತದೆ. ಕಟ್ಟಿಗೆಗೆ ಕಟ್ಟಿದ ಅನೂಬಿಯಾಸ್, ಜಾವಾ ಫರ್ನ್ ಬಹುಪಾಲು ಉಳಿಯುತ್ತವೆ. ತೇಲುವ ಗಿಡ ಹಾಕಿದರೆ ಮೀನುಗಳಿಗೆ ಮೇಲೆಯೇ ಮಲಗಲು ಮರೆ ಸಿಗುತ್ತದೆ.

ಮುಚ್ಚಳ ಬೇಕೇ ಬೇಕು. ಏರ್ ಪಂಪಿನ ತೆಳು ಪೈಪು ಹಿಡಿದು ಹೊರಗೆ ಇಳಿದು ಹೋಗುವುದರಲ್ಲಿ ಕ್ರೇಫಿಶ್ ನಿಸ್ಸೀಮ. ಕಿವಿರು ಒದ್ದೆಯಿರುವವರೆಗೆ ನೀರಿನಾಚೆಯೂ ಬದುಕುತ್ತದೆ, ಹಾಗಾಗಿ ಮಂಚದಡಿಯಲ್ಲಿ ಧೂಳು ಮೆತ್ತಿಕೊಂಡು ಸಿಕ್ಕರೂ ಆಸೆ ಬಿಡಬೇಡಿ. ಪದೇ ಪದೇ ಆಚೆ ಹೋಗಲು ನೋಡುತ್ತಿದ್ದರೆ ನೀರು ಕೆಟ್ಟಿದೆಯಾ ಅಂತ ಮೊದಲು ಪರೀಕ್ಷೆ ಮಾಡಿ.

ಊಟದ ಹೊತ್ತು ಬೇರೆ ಬೇರೆ ಇರಲಿ. ಸಂಜೆ ಮೀನಿಗೆ ಮೇಲೆ ತೇಲುವ ಆಹಾರ ಹಾಕಿ ಹೊಟ್ಟೆ ತುಂಬಿಸಿ. ದೀಪ ಆರಿಸಿದ ಮೇಲೆ ಮುಳುಗುವ ಗುಳಿಗೆಯನ್ನು ಕ್ರೇಫಿಶ್‌ನ ಗುಹೆಯ ಬಾಯಲ್ಲೇ ಹಾಕಿ. ನಡುನಡುವೆ ಬೇಯಿಸಿದ ಬೀನ್ಸ್, ಬಟಾಣಿ, ಒಣಗಿದ ಬಾದಾಮಿ ಮರದ ಎಲೆ ಕೊಡಿ. ಹೊಟ್ಟೆ ತುಂಬಿದ ಕ್ರೇಫಿಶ್ ಮೀನನ್ನು ಹಿಡಿಯುವುದೇ ಇಲ್ಲ ಅಂತೇನಿಲ್ಲ, ಹುಡುಕಾಟ ಕಡಿಮೆಯಾಗುತ್ತದೆ ಅಷ್ಟೇ. ತಿನ್ನದೆ ಉಳಿದದ್ದನ್ನು ಬೆಳಿಗ್ಗೆ ತೆಗೆಯಿರಿ.

ಮೀನಿಗೆ ರೋಗ ಬಂದಾಗ ಔಷಧಿಯ ಬಾಟಲಿ ಓದದೆ ಸುರಿಯಬೇಡಿ. ಬಿಳಿ ಚುಕ್ಕೆ ರೋಗದ ಎಷ್ಟೋ ಔಷಧಿಗಳಲ್ಲಿ ತಾಮ್ರ ಇರುತ್ತದೆ. ಮೀನು ತಡೆದುಕೊಳ್ಳುವ ಪ್ರಮಾಣ ಕ್ರೇಫಿಶ್, ಸೀಗಡಿಗಳನ್ನು ಕೊಲ್ಲುತ್ತದೆ. ಕೋಣೆಯಲ್ಲಿ ಹೊಡೆಯುವ ಸೊಳ್ಳೆ ಔಷಧಿಯೂ ಅಷ್ಟೇ ಅಪಾಯ. ಕೀಟಗಳಿಗೆ ವಿಷವಾಗುವ ಪೈರೆಥ್ರಾಯ್ಡ್‌ಗಳು ಇವುಗಳಿಗೂ ವಿಷವೇ.

ಬೆಳಿಗ್ಗೆ ಒಂದು ಮೀನು ಕಡಿಮೆ ಇದ್ದರೆ

ಅರ್ಧ ತಿಂದ ಮೀನನ್ನು ಕ್ರೇಫಿಶ್ ಹಿಡಿದು ಕೂತಿದೆ ಅಂದ ಮಾತ್ರಕ್ಕೆ ಅದೇ ಕೊಂದಿತು ಅಂತಲ್ಲ. ಸತ್ತದ್ದನ್ನು ತಿನ್ನುವುದು ಅದರ ದಿನದ ಕೆಲಸ. ಗಲೀಜಿನಿಂದ ನೀರಿನಲ್ಲಿ ಹುಟ್ಟುವ ವಿಷಗಳಾದ ಅಮೋನಿಯಾ ಅಥವಾ ನೈಟ್ರೈಟ್ ಏರಿ ಮೀನು ತಾನೇ ಸತ್ತಿರಬಹುದು. ಕ್ರೇಫಿಶ್ ಗಲೀಜು ಮಾಡುವ ಪ್ರಾಣಿ, ತೊಟ್ಟಿಯಲ್ಲಿ ಅದು ಇದ್ದರೆ ಫಿಲ್ಟರ್‌ಗೆ ಕೆಲಸ ಜಾಸ್ತಿ. ಮೊದಲು ನೀರು ಪರೀಕ್ಷಿಸಿ. ಉಳಿದ ಮೀನುಗಳನ್ನು ನೋಡಿ. ಅವು ಮೇಲೆ ಬಂದು ಬಾಯಿ ತೆರೆದು ಉಸಿರಿಗೆ ಪರದಾಡುತ್ತಿದ್ದರೆ ತಪ್ಪು ನೀರಿನದು. ನೀರು ಸರಿಯಿದ್ದು, ಮೀನುಗಳು ಚುರುಕಾಗಿದ್ದೂ ಬಾಲ ಮತ್ತು ರೆಕ್ಕೆಗಳಲ್ಲಿ ಕತ್ತರಿಸಿದಂಥ ಗುರುತುಗಳಿದ್ದರೆ, ದಿನ ಬಿಟ್ಟು ದಿನ ಒಂದೊಂದು ಕಾಣೆಯಾಗುತ್ತಿದ್ದರೆ ಆಗ ಅನುಮಾನ ಬೇಡ. ಒಮ್ಮೆ ಮಲಗಿದ ಮೀನನ್ನು ಹಿಡಿಯುವ ಜಾಗ ಕಂಡುಕೊಂಡ ಕ್ರೇಫಿಶ್ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ. ನಡುವೆ ಜಾಲರಿಯ ತಡಿಕೆ ಹಾಕಿ, ಇಲ್ಲವೇ ಒಂದನ್ನು ಬೇರೆ ತೊಟ್ಟಿಗೆ ಹಾಕಿ.

ಮರಿಗಳ ವಿಷಯ ಇನ್ನೊಂದು ತಲೆನೋವು. ಕ್ಲಾರ್ಕಿ ಹೆಣ್ಣು ಬಾಲದಡಿ ನೂರಾರು ಮೊಟ್ಟೆ ಹೊತ್ತು ತಿರುಗುತ್ತದೆ. ಸಾಮಾನ್ಯ ತೊಟ್ಟಿಯಲ್ಲಿ ಮೀನುಗಳೂ ಅಣ್ಣತಮ್ಮಂದಿರೂ ಸೇರಿ ಬಹುತೇಕ ಮರಿಗಳನ್ನು ತಿಂದು ಮುಗಿಸುತ್ತಾರೆ. ಅಮೃತಶಿಲೆಯ ಗೆರೆಗಳಂಥ ಮೈಯ ಮಾರ್ಬಲ್ ಕ್ರೇಫಿಶ್‌ನದು ಬೇರೆಯೇ ಕತೆ. 1990ರ ದಶಕದಲ್ಲಿ ಜರ್ಮನಿಯ ಅಕ್ವೇರಿಯಂ ವ್ಯಾಪಾರದಲ್ಲಿ ಕಾಣಿಸಿಕೊಂಡ ಈ ಜಾತಿಯಲ್ಲಿ ಇರುವುದು ಹೆಣ್ಣು ಮಾತ್ರ. ಗಂಡಿನ ಹಂಗಿಲ್ಲದೆ ಮೊಟ್ಟೆ ಇಟ್ಟು, ತನ್ನದೇ ಪಡಿಯಚ್ಚುಗಳನ್ನು ಹುಟ್ಟಿಸುತ್ತದೆ. ಒಂದನ್ನು ತಂದರೆ ಸಾಕು, ವರ್ಷದೊಳಗೆ ತೊಟ್ಟಿ ತುಂಬುತ್ತದೆ. ಹೆಚ್ಚಾದವನ್ನು ಯಾರೋ ಆಚೆ ಬಿಟ್ಟಿದ್ದರಿಂದ ಇದು ಯುರೋಪಿನ ಕೆರೆಗಳನ್ನು ಸೇರಿತು. ಮಡಗಾಸ್ಕರ್‌ನಲ್ಲೂ ವ್ಯಾಪಕವಾಗಿ ಹರಡಿದೆ. 2016ರಿಂದ ಯುರೋಪಿನ ಒಕ್ಕೂಟದಲ್ಲಿ ಮಾರ್ಬಲ್ ಮತ್ತು ಕ್ಲಾರ್ಕಿ ಎರಡನ್ನೂ ಮಾರುವುದು, ಸಾಕುವುದು ನಿಷಿದ್ಧ. ಅಮೆರಿಕದ ಕೆಲವು ರಾಜ್ಯಗಳಲ್ಲೂ ಮಾರ್ಬಲ್‌ಗೆ ತಡೆ ಇದೆ. ಹಾಗಾಗಿ ಕೊಳ್ಳುವ ಮುಂಚೆ ಜಾತಿ ಯಾವುದು, ನೀವಿರುವಲ್ಲಿ ಅದನ್ನು ಸಾಕಬಹುದಾ ಅನ್ನುವುದನ್ನು ತಿಳಿದುಕೊಳ್ಳಿ.

ಸಾಕಲು ಆಗದೇ ಹೋದರೆ ಇನ್ನೊಬ್ಬ ಸಾಕುವವರಿಗೆ ಕೊಡಿ, ಇಲ್ಲವೇ ಅಂಗಡಿಗೆ ಹಿಂದಿರುಗಿಸಿ. ಕೆರೆಗೆ, ಹೊಳೆಗೆ, ಚರಂಡಿಗೆ ಮಾತ್ರ ಬಿಡಬೇಡಿ. ನೀರು ಬದಲಿಸುವಾಗ ಬಕೆಟ್‌ನಲ್ಲಿ ಕೂದಲೆಳೆಯಂಥ ಕಾಲುಗಳ ಮರಿ ಸೇರಿಕೊಂಡಿರಬಹುದು. ಬಟ್ಟೆಯಲ್ಲಿ ಸೋಸಿ, ಆ ನೀರನ್ನು ಕುಂಡದ ಗಿಡಗಳಿಗೆ ಹಾಕಿ. ಗಿಡಕ್ಕೂ ಅದು ಒಳ್ಳೆಯ ಗೊಬ್ಬರ.